ತಕ್ಕಡಿ ಆರಿಸಿದ ಬ್ಲೂ-ರೇ ಪ್ಲೇಯರ್

ನನ್ನ ಗೆಳೆಯ ಹೋಗಿ ಹತ್ತು ವಾರವಾಯಿತು. ಪೇಟೆಯ ಅಂಗಡಿಯವರೆಲ್ಲ ಅವನನ್ನು ಬೆನ್ನ ಹಿಂದೆ ತಕ್ಕಡಿ ಎನ್ನುತ್ತಿದ್ದರು. ನಾವು ಗೆಳೆಯರು ಮುಖದೆದುರೇ ಹಾಗೆ ಕರೆಯುತ್ತಿದ್ದೆವು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರಾಗಿದ್ದವನು. ತಟ್ಟೆಯಡಿ ಅಂಟಿಸಿದ ಮೇಣದ ಚೂರನ್ನು ಅಂಗಡಿಯ ಬಾಗಿಲಿನಿಂದಲೇ ಕಂಡುಹಿಡಿಯುತ್ತಿದ್ದ. ನಿವೃತ್ತನಾದ ಮೇಲೂ ಚಾಳಿ ಬಿಡಲಿಲ್ಲ. ಬಿಸ್ಕತ್ತಿನ ಪೊಟ್ಟಣ ಕೊಂಡರೆ ಮನೆಗೆ ತಂದು ತೂಗಿದ ಮೇಲೆಯೇ ಬಾಯಿಗೆ ಹಾಕುತ್ತಿದ್ದ. ಇಂಥವನ ಬಗ್ಗೆ ಬರೆಯುವಾಗ ಒಂದು ಮಾತು ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು ಎಂದು ಎಷ್ಟೋ ದಿನ ಪೆನ್ನು ಮುಟ್ಟಲಿಲ್ಲ. ಈಗಲೂ ಬರೆಯುವ ಚೈತನ್ಯವಿದೆಯೆಂದೇನಲ್ಲ.

ಕಳೆದ ವರ್ಷ ಅವನಿಗೆ ಮೆಟ್ಟಿಲು ಹತ್ತಲು ಆಗದಂತಾಯಿತು. ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದರು.

“ಸೋತಿದೆ ಅಂದ್ರೆ ಎಷ್ಟು? ಸರಿಯಾಗಿ ಹೇಳಿ ಡಾಕ್ಟ್ರೇ,” ಎಂದು ಕೇಳಿದ.

“ಇಪ್ಪತ್ತೆರಡು ಪರ್ಸೆಂಟ್ ಕೆಲಸ ಮಾಡ್ತಿದೆ.”

“ಹಾಗೆ ಹೇಳಿ ಮತ್ತೆ.”

ಹೊರಗೆ ಬಂದು ಬೆಂಚಿನ ಮೇಲೆ ಕೂತು ಸುಮಾರು ಹೊತ್ತು ಉಸಿರು ಸುಧಾರಿಸಿಕೊಂಡ. ನಾನು ಔಷಧಿ ಚೀಟಿ ಮಡಚುತ್ತಿದ್ದೆ. “ನಾನು ಹೋದ್ಮೇಲೆ ಅಕ್ಕಂಗೆ ಸಿನಿಮಾ ಹೇಳೋರು ಯಾರಯ್ಯ?” ಎಂದ. ಇನ್ಯಾವ ಚಿಂತೆಯನ್ನೂ ಅವನು ನನ್ನೆದುರು ಆಡಲಿಲ್ಲ.

ಅಕ್ಕನ ವಿಷಯ ಹೇಳಬೇಕು. ಅವಳು ಹದಿನೆಂಟಕ್ಕೆ ಬಟ್ಟೆ ಗಿರಣಿ ಸೇರಿದಳು. ಇನ್ನೂರು ಮಗ್ಗಗಳು ಒಟ್ಟಿಗೆ ಬಡಿಯುವ ಶೆಡ್ಡು. ಅಲ್ಲಿ ಹೆಂಗಸರು ದನಿಯ ಆಸೆ ಬಿಟ್ಟು ತುಟಿಯಲ್ಲೇ ಮಾತಾಡುತ್ತಾರೆ, ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಇಪ್ಪತ್ತು ವರ್ಷದಲ್ಲಿ ಮಗ್ಗಗಳು ಅವಳ ಎರಡೂ ಕಿವಿಗಳನ್ನು ತಿಂದುಹಾಕಿದವು. ಕಲಿತ ವಿದ್ಯೆ ಮಾತ್ರ ಉಳಿಯಿತು. ರಸ್ತೆಯ ಆಚೆ ಬದಿಯಲ್ಲಿ ಯಾರು ಯಾರನ್ನು ಬೈಯುತ್ತಿದ್ದಾರೆಂದು ಕಿಟಕಿಯಲ್ಲಿ ನಿಂತು ನಮಗೆ ವರದಿ ಒಪ್ಪಿಸುತ್ತಿದ್ದಳು. ಗಂಡ ಬೇರೆ ಕಡೆ ಸಂಸಾರ ಹೂಡಿದ. ಇದ್ದ ಒಬ್ಬಳೇ ಮಗಳು ಆರು ವರ್ಷಕ್ಕೆ ಜ್ವರದಲ್ಲಿ ಹೋದಳು. ಆ ವರ್ಷವೇ ತಮ್ಮ ಅವಳನ್ನು ತನ್ನ ಮನೆಗೆ ಕರೆತಂದ. ಅವನು ಮದುವೆಯಾಗಲಿಲ್ಲ. ಕಾರಣ ಕೇಳಿದರೆ, “ಯಾವ ಹೆಣ್ಣು ಬಂದ್ರೂ ಸಕ್ಕರೆ ತೂಗ್ತೀನಿ ಅಂತ ಓಡಿಹೋಗ್ತಾಳೆ,” ಎನ್ನುತ್ತಿದ್ದ.

ಮಗು ಹೋದ ಮೇಲೆ ಅಕ್ಕ ಗೋಡೆ ನೋಡುತ್ತ ಕೂರುತ್ತಿದ್ದಳು. ಗೋಡೆಯ ಬದಲು ಬೇರೇನಾದರೂ ನೋಡಲಿ ಎಂದು ಅವನು ಟಿ.ವಿ., ಒಂದು ವಿಡಿಯೊ ಕ್ಯಾಸೆಟ್ ಪ್ಲೇಯರ್ ತಂದ. ಆದರೆ ಸಿನಿಮಾದವರು ಗಿರಣಿಯವರಂತಲ್ಲ. ಬೆನ್ನು ತಿರುಗಿಸಿ ಮಾತಾಡುತ್ತಾರೆ, ಕತ್ತಲಲ್ಲಿ ಮಾತಾಡುತ್ತಾರೆ, ತುಟಿಯೊಂದು ಕಡೆ ದನಿಯೊಂದು ಕಡೆ ಇರುತ್ತದೆ. ಹಾಗಾಗಿ ತಕ್ಕಡಿ ಟಿ.ವಿ.ಯ ಪಕ್ಕಕ್ಕೆ ಒಂದು ಸ್ಟೂಲು ಹಾಕಿಕೊಂಡು, ಅಕ್ಕನಿಗೆ ಎದುರಾಗಿ ಕೂತು, ಕಿವಿಗೆ ಬಿದ್ದ ಪ್ರತಿ ಮಾತನ್ನೂ ತುಟಿಯಲ್ಲಿ ದಾಟಿಸತೊಡಗಿದ. ಮೂವತ್ತೆರಡು ವರ್ಷ ಹೀಗೇ ನಡೆಯಿತು. ಇಷ್ಟು ವರ್ಷ ಅವನು ಒಂದು ಸಿನಿಮಾವನ್ನೂ ಕಣ್ಣಾರೆ ನೋಡಲಿಲ್ಲ; ಅಕ್ಕನ ಮುಖ ನೋಡಿದ.

ಹಳೆಯ ಸಿನಿಮಾಗಳನ್ನು ಹೊಸದಾಗಿ ತೊಳೆದು ಬ್ಲೂ-ರೇ ಡಿಸ್ಕಿನಲ್ಲಿ ತರುತ್ತಿದ್ದಾರೆ, ಕಿವಿ ಕೇಳದವರಿಗಾಗಿ ಕೆಳಗೆ ಮಾತೆಲ್ಲ ಅಕ್ಷರದಲ್ಲಿ ಬರುತ್ತದೆ ಎಂದು ನಾನೇ ಅವನಿಗೆ ತಿಳಿಸಿದೆ. ಬಾಗಿಲು ತಟ್ಟಿದರೆ ‘ಬಾಗಿಲು ತಟ್ಟುವ ಸದ್ದು’ ಎಂದೂ ಬರುತ್ತದಂತೆ ಎಂದೆ.  ಮುಂದಿನ ವಾರ ಅಕ್ಕನಿಗೆ ಪ್ರಿಯವಾದ ಹಳೆಯ ಸಿನಿಮಾದ ಡಿಸ್ಕನ್ನು ಅಂಚೆಯಲ್ಲಿ ತರಿಸಿ, ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, “ನಡಿ, ಪ್ಲೇಯರ್ ನೋಡೋಣ,” ಎಂದ. ಇನ್ನೊಂದು ಕೈಯಲ್ಲಿ ಇಲಾಖೆಯ ಹಳೆಯ ತಪಾಸಣೆ ನಮೂನೆಗಳ ಕಟ್ಟು. ಅದರಲ್ಲಿ ಎರಡು ಕಾಲಂ: ‘ಘೋಷಿಸಿದ್ದು’, ‘ಕಂಡುಬಂದದ್ದು’.

ಮೊದಲ ಅಂಗಡಿ ಬಸ್ ನಿಲ್ದಾಣದ ಹಿಂದಿನದು. ಅಗ್ಗದ ಪ್ಲೇಯರ್. ಡಬ್ಬದ ಮೇಲೆ ‘ಕ್ಷಣದಲ್ಲಿ ಚಾಲೂ’ ಎಂದು ಅಚ್ಚಾಗಿತ್ತು.

“ಯಜಮಾನ್ರೇ, ಈಗ್ಯಾರು ಪ್ಲೇಯರ್ ತಗೋತಾರೆ? ಎಲ್ಲಾ ಫೋನಲ್ಲೇ ನೋಡ್ತಾರೆ,” ಎಂದ ಅಂಗಡಿಯವ.

“ನಮ್ಮಕ್ಕನ ಕಣ್ಣಿಗೆ ಫೋನು ಸಾಲಲ್ಲ. ಆನ್ ಮಾಡಪ್ಪ.”

ಗುಂಡಿ ಒತ್ತಿದಾಗಿನಿಂದ ಚಿತ್ರ ಮೂಡುವವರೆಗೆ ತಕ್ಕಡಿ ಗಡಿಯಾರ ಹಿಡಿದು ನಿಂತ. ಘೋಷಿಸಿದ್ದು, ಒಂದು ಕ್ಷಣ. ಕಂಡುಬಂದದ್ದು, ನಲವತ್ತೊಂದು ಸೆಕೆಂಡು. ಅದಾದರೂ ಹೋಗಲಿ ಎನ್ನಬಹುದಿತ್ತು, ಮುಂಭಾಗದಲ್ಲಿ ಅಂಕಿ ತೋರಿಸುವ ಪಟ್ಟಿಯೇ ಇರಲಿಲ್ಲ. ಡಿಸ್ಕು ಒಳಗೆ ಹೋಗಿ ತಿರುಗುತ್ತಿದೆಯೋ ಇಲ್ಲವೋ ಎಂಬುದು ಸದ್ದಿನಿಂದಲೇ ಗೊತ್ತಾಗಬೇಕು. ಕೇಳದವಳು ಏನು ಮಾಡಬೇಕು? ನಮೂನೆಯ ಮೇಲೆ ಅಡ್ಡಗೆರೆ ಎಳೆದ.

ಎರಡನೆಯದು ಮಹಡಿಯ ಮೇಲಿನ ದೊಡ್ಡ ಮಳಿಗೆ. ಹದಿನೇಳು ಮೆಟ್ಟಿಲು. ಎರಡು ಸಲ ಅರ್ಧಕ್ಕೆ ಹತ್ತಿ ವಾಪಸು ಬಂದೆವು. ಮೂರನೆಯ ಸಲ ಮೇಲೆ ತಲುಪಿದಾಗ ಅವನ ತುಟಿ ನೀಲಿಯಾಗಿತ್ತು. ಮಾರಾಟದ ಹುಡುಗಿ ಓಡಿಬಂದು ಕುರ್ಚಿ ಕೊಟ್ಟಳು. “ಮನೇಲೇ ಕೂತು ಆರ್ಡರ್ ಮಾಡಬಹುದಲ್ಲೋ,” ಎಂದು ನಾನು ಗೊಣಗಿದೆ. ನನಗೂ ಸಾಕಾಗಿಹೋಗಿತ್ತು.

“ನೋಡದೆ ಸೀಲು ಹಾಕೋನಲ್ಲ ನಾನು,” ಎಂದ, ಉಸಿರು ಸಿಕ್ಕಮೇಲೆ.

“ಇದು ಫೋರ್‌-ಕೆ ಅಂಕಲ್. ಸೌಂಡ್ ಅಂತೂ ಥಿಯೇಟರ್ ಥರಾನೇ,” ಎಂದಳು ಹುಡುಗಿ.

“ನಮ್ಮನೇಲಿ ಸೌಂಡ್ ಖರ್ಚಾಗಲ್ಲಮ್ಮ. ಅಕ್ಷರ ತೋರಿಸು.”

ಚಿತ್ರವೇನೋ ಅದ್ಭುತವಾಗಿತ್ತು. ದೋಣಿಯ ಹಲಗೆಯ ಬಿರುಕು ಎಣಿಸಬಹುದಿತ್ತು. ಆದರೆ ಅಕ್ಷರ ತೀರ ಕೆಳಗೆ, ಸಣ್ಣದಾಗಿ, ಬಿಳಿ. ನದಿಯ ಮೇಲೆ ಮಂಜು ಕವಿದ ದೃಶ್ಯ ಬಂದಾಗ ಮಾತೂ ಮಂಜಿನಲ್ಲಿ ಕರಗಿತು. ಮೇಲಕ್ಕೆ ಸರಿಸಲು ಬರುವುದಿಲ್ಲ ಎಂದು ಅವಳು ಪುಸ್ತಿಕೆ ನೋಡಿ ಒಪ್ಪಿಕೊಂಡಳು. ಇಳಿಯುವಾಗ ಪಾಪ ಅವಳೇ ತೋಳು ಹಿಡಿದು ಇಳಿಸಿದಳು.

ಮೂರನೆಯದು ಒಬ್ಬ ಮುದುಕನ ಸಣ್ಣ ಅಂಗಡಿ. ಎರಡು ವರ್ಷ ಹಿಂದಿನ ಮಾಡೆಲ್, ಡಬ್ಬದ ಮೇಲೆ ಧೂಳು. ಮುದುಕ ಬಾಯಿ ಬಿಟ್ಟು ಹೊಗಳಲಿಲ್ಲ, “ಇದೆ, ನೋಡಿ,” ಎಂದಷ್ಟೇ ಹೇಳಿ ಪತ್ರಿಕೆ ಓದುತ್ತ ಕೂತ. ಚಾಲೂ ಆಗಲು ಹತ್ತೊಂಬತ್ತು ಸೆಕೆಂಡು. ಮುಂದೆ ಹಸಿರು ದೊಡ್ಡ ಅಂಕಿ. ಅಕ್ಷರವನ್ನು ಬೇಕಾದಷ್ಟು ಮೇಲೆತ್ತಬಹುದು, ಹಳದಿ ಮಾಡಬಹುದು. ರಿಮೋಟಿನ ಗುಂಡಿಗಳು ಅಕ್ಕನ ಬೆರಳಿಗೆ ತಕ್ಕಂತಿದ್ದವು. ತಕ್ಕಡಿ ನಡುವೆ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಮತ್ತೆ ಹಾಕಿದ. ಸಿನಿಮಾ ನಿಂತ ಜಾಗದಿಂದಲೇ ಮುಂದುವರಿಯಿತು. ಚಿತ್ರ ಮಾತ್ರ ಮಹಡಿಯ ಮಳಿಗೆಯಷ್ಟು ತೀಕ್ಷ್ಣವಲ್ಲ. ಅದನ್ನೂ ಬರೆದುಕೊಂಡ. ಆಮೇಲೆ ನಮೂನೆಯ ಕೊನೆಗೆ ಸಹಿ ಹಾಕಿದ. ಇಪ್ಪತ್ತು ದಿನಗಳ ಅಲೆದಾಟ ಮುಗಿಯಿತು.

ಆ ಭಾನುವಾರ ಸಂಜೆ ನಾನೂ ಇದ್ದೆ. ಡಿಸ್ಕು ಒಳಗೆ ಹೋಯಿತು, ಹಳದಿ ಅಕ್ಷರ ಬಂತು. ಅಕ್ಕ ಚಪ್ಪಾಳೆ ತಟ್ಟಿ, “ಲೋ, ಇನ್ನು ನಿನ್ನ ಹಲ್ಲು ನೋಡೋದು ತಪ್ತು, ಬಾ ಇಲ್ಲಿ ಕೂತ್ಕೋ,” ಎಂದು ಕೂಗಿದಳು. ಅವಳ ದನಿ ಯಾವಾಗಲೂ ಜೋರು. ತಕ್ಕಡಿ ಸ್ಟೂಲು ಬಿಟ್ಟು ಅವಳ ಪಕ್ಕ ಸೋಫಾದಲ್ಲಿ ಕೂತ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಮನೆಯಲ್ಲಿ ಪರದೆಯ ಎದುರಿಗೆ ಕೂತು ಸಿನಿಮಾ ನೋಡಿದ. ನದಿ ಅಷ್ಟು ಅಗಲ ಇತ್ತೇ, ಆ ಹುಡುಗಿಯ ಲಂಗ ಕೆಂಪೇ ಎಂದು ನನ್ನನ್ನು ಕೇಳುತ್ತಿದ್ದ. ಮೈಮರೆತಿದ್ದ.

ಅದು ದೋಣಿ ನಡೆಸುವ ಒಬ್ಬನ ಕತೆ. ಅವನ ಮಗಳಿಗೆ ಜ್ವರ. ಹೊಳೆ ದಾಟಿಸಿ ಆಸ್ಪತ್ರೆಗೆ ಒಯ್ಯುತ್ತಾನೆ. ಓಣಿಯಂಥ ಉದ್ದನೆಯ ವರಾಂಡದಲ್ಲಿ ನರ್ಸು ಬಂದು ಏನೋ ಹೇಳುತ್ತಾಳೆ. ಅವಳ ಬೆನ್ನಷ್ಟೇ ನಮಗೆ ಕಾಣುತ್ತದೆ. ದೋಣಿಯವನು ಮುಖ ಮುಚ್ಚಿಕೊಳ್ಳುತ್ತಾನೆ. ಕೊನೆಗೆ ಒಬ್ಬನೇ ಹುಟ್ಟು ಹಾಕುತ್ತ ಹೋಗುತ್ತಾನೆ. ಅಕ್ಕ ಇದನ್ನು ಇಪ್ಪತ್ತು ಸಲವಾದರೂ ನೋಡಿದ್ದಳು.

ನರ್ಸಿನ ಬೆನ್ನಿನ ಕೆಳಗೆ ಹಳದಿ ಅಕ್ಷರ ಮೂಡಿತು: ‘ಮಗು ಹೋಗಿ ಒಂದು ಗಂಟೆಯಾಯಿತು.’

ಅಕ್ಕ ರಿಮೋಟ್ ಒತ್ತಿ ನಿಲ್ಲಿಸಿದಳು. ತುಸು ಹೊತ್ತು ಓದಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

“ಮಗು ಬದುಕಿಕೊಳ್ತು ಅಂದಿದ್ದೆಯಲ್ಲೋ. ಅತ್ತೆ ಬಂದು ಕರ್ಕೊಂಡು ಹೋದ್ಲು ಅಂದಿದ್ದೆ. ಅವನು ದೋಣಿ ಹತ್ತಿ ಮಗಳನ್ನ ನೋಡೋಕೆ ಹೋಗ್ತಾನೆ ಅಂತ ನಾನು ಇಷ್ಟು ವರ್ಷ...”

ಅವನು ಬಾಯಿ ತೆರೆದ. ಅವಳು ಮುಖ ತಿರುಗಿಸಿದಳು.

ಬೇರೆಯವರು ಮಾತು ಬಿಟ್ಟರೆ ಬಾಯಿ ಮುಚ್ಚುತ್ತಾರೆ. ಅಕ್ಕ ಮಾತು ಬಿಟ್ಟರೆ ನೋಡುವುದನ್ನೇ ಬಿಡುತ್ತಾಳೆ. ಆಮೇಲೆ ಎದುರಿನವರು ಎಷ್ಟು ಬಡಬಡಿಸಿದರೂ ಅಷ್ಟೆ. ಐದು ದಿನ ಹೀಗೆ ನಡೆಯಿತು. ಮಾತ್ರೆ ಮೇಜಿನ ಮೇಲಿಡುವಳು, ಗಂಜಿ ಕೊಡುವಳು, ಕಣ್ಣು ನೆಲದ ಮೇಲೆ. ಅವನು ಚೀಟಿ ಬರೆದಿಟ್ಟರೆ ಮಡಚಿ ಒಲೆಯ ಪಕ್ಕ ಇಟ್ಟಳು, ಓದಲಿಲ್ಲ. ಅವನಿಗೆ ಎಷ್ಟು ದಿನ ಉಳಿದಿದೆಯೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ನಡುವೆ ಬಾಯಿ ಹಾಕಲು ಹೋದೆ. “ನೀನು ಸುಮ್ನಿರು, ನಿನಗೂ ಗೊತ್ತಿರುತ್ತೆ,” ಎಂದು ನನಗೂ ಬೆನ್ನು ತೋರಿಸಿದಳು. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ತಕ್ಕಡಿ ಮಂಚದ ಮೇಲೆ ದಿಂಬಿಗೊರಗಿ ಹೇಳಿದ: “ಅದೇ ನಾವು ನೋಡಿದ ಮೊದಲನೇ ಸಿನಿಮಾ ಕಣಯ್ಯ. ಕತೆ ನಂಗೂ ಗೊತ್ತಿರ್ಲಿಲ್ಲ. ಇವಳ ಮಗು ಹೋಗಿ ನಾಲ್ಕು ತಿಂಗಳಾಗಿತ್ತು. ನರ್ಸು ಹಾಗಂದ್ಲು, ನಾನು ಅಕ್ಕನ ಮುಖ ನೋಡಿದೆ. ಬಾಯಲ್ಲಿ ಬೇರೇನೋ ಬಂತು. ಆಮೇಲೆ ಪ್ರತಿ ಸಲಾನೂ ಅದನ್ನೇ ಹೇಳ್ಬೇಕಾಯ್ತು. ಒಂದು ಸಲ ರೂಢಿ ಆದ್ಮೇಲೆ ಬೇರೆ ಸಿನಿಮಾದಲ್ಲೂ... ಅಲ್ಲಿ ಇಲ್ಲಿ.”

“ಪ್ಲೇಯರ್ ತರೋವಾಗ ಇದು ಹೊಳೀಲಿಲ್ವೇನೋ? ಅದೇ ಡಿಸ್ಕ್ ಹಿಡ್ಕೊಂಡು ಮೂರು ಅಂಗಡಿ ಸುತ್ತಿದ್ದೀಯ.”

“ಅಕ್ಷರ ಎಷ್ಟು ದೊಡ್ಡದಿದೆ ಅಂತ ನೋಡಿದೆ. ಏನಿದೆ ಅಂತ ಓದಲೇ ಇಲ್ಲ,” ಎಂದ. ಕಣ್ಣು ಮುಚ್ಚಿಕೊಂಡ. ಅವನು ಅಷ್ಟು ದಣಿದದ್ದನ್ನು ಹದಿನೇಳು ಮೆಟ್ಟಿಲ ಮೇಲೂ ನಾನು ಕಂಡಿರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಅಕ್ಕ ಚಹಾ ತಂದು ಮಂಚದೆದುರು ಕುರ್ಚಿ ಎಳೆದುಕೊಂಡು ಕೂತು ಅವನ ಮುಖವನ್ನೇ ದಿಟ್ಟಿಸಿದಳು.

“ಇನ್ನೂ ಎಲ್ಲೆಲ್ಲಿ ಕಲಬೆರಕೆ ಮಾಡಿದ್ದೀಯ, ಬೊಗಳು.”

“ಎಲ್ಲಾ ನೆನಪಿಲ್ಲ ಅಕ್ಕ.”

“ಊರಿನ ಅಂಗಡಿಯವರಿಗೆಲ್ಲ ದಂಡ ಹಾಕಿದ ಇನ್‌ಸ್ಪೆಕ್ಟರ್ರು! ಮನೇಲೇ ಕಳ್ಳತೂಕ! ಬರಿ.”

ಉಳಿದ ನಮೂನೆಗಳು ಖರ್ಚಾದದ್ದು ಆಗ. ದಿನಕ್ಕೆ ಅರ್ಧ ಗಂಟೆ ಮಾತ್ರ ಅವನ ಕೈ ಪೆನ್ನು ಹಿಡಿಯುತ್ತಿತ್ತು. ಘೋಷಿಸಿದ್ದು, ಅಣ್ಣ ವಿದೇಶಕ್ಕೆ ಹೋದ; ಕಂಡುಬಂದದ್ದು, ಜೈಲಿಗೆ. ಘೋಷಿಸಿದ್ದು, ಅತ್ತೆ ಸೊಸೆಯನ್ನು ಹೊಗಳಿದಳು; ಕಂಡುಬಂದದ್ದು, ಶಾಪ ಹಾಕಿದಳು. ಅಕ್ಕ ಒಂದೊಂದನ್ನೂ ಓದಿ ಒಂದು ಸಲ ಅವನ ತಲೆಗೆ ಮೊಟಕುವಳು, ಇನ್ನೊಂದು ಸಲ ಹೊಟ್ಟೆ ಹಿಡಿದುಕೊಂಡು ನಗುವಳು. “ಅದಕ್ಕೇ ಆ ಮುದುಕಿ ಹೊಗಳ್ತಾ ಹೊಗಳ್ತಾ ಮುಖ ಗಂಟಿಕ್ಕಿದ್ಲಾ? ಹಲ್ಲುನೋವು ಅಂದಿದ್ದೆಯಲ್ಲೋ!” ಹದಿಮೂರು ಸಿನಿಮಾ ಆದವು. ಹದಿನಾಲ್ಕನೆಯದರ ಹೆಸರು ಬರೆದು ಗೆರೆ ಎಳೆದಿದ್ದ. ಮಾರನೆಯ ಮಧ್ಯಾಹ್ನ, ಅಕ್ಕ ಎದುರಿಗೇ ಕೂತಿದ್ದಾಗ, ಹೋದ. ಕೊನೆಗೆ ತುಟಿಯಲ್ಲಿ ಏನೋ ಅಂದನಂತೆ. ಏನೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಈಗ ಭಾನುವಾರ ನಾನು ಹೋಗುತ್ತೇನೆ. ಬಸ್ಸಿಳಿದು ಆ ರಸ್ತೆ ನಡೆಯುವಷ್ಟರಲ್ಲಿ ಮಂಡಿ ನೋಯುತ್ತದೆ, ಹೋಗದಿರಲು ಮನಸ್ಸು ಬರುವುದಿಲ್ಲ. ಅಂಚೆಯಲ್ಲಿ ತರಿಸಿದ ಹಳೆಯ ಸಿನಿಮಾಗಳ ಡಿಸ್ಕುಗಳಲ್ಲಿ ಒಂದನ್ನು ಅಕ್ಕ ಹಾಕುತ್ತಾಳೆ. ಹಸಿರು ಅಂಕಿ ಓಡುತ್ತದೆ. ಅವನು ಬರೆದುಕೊಡದ ಸಿನಿಮಾಗಳಲ್ಲಿ ಎಲ್ಲಿ ಏನು ಬದಲಾಯಿಸಿದ್ದನೋ ಅವಳೇ ಹುಡುಕಬೇಕು. ಅಕ್ಷರ ನೋಡಿ ಥಟ್ಟನೆ ನಿಲ್ಲಿಸುತ್ತಾಳೆ. “ನೋಡು, ಇಲ್ಲಿ ಇವಳು ‘ಇನ್ನು ಬರಬೇಡ’ ಅಂತಿದ್ದಾಳೆ. ಅವನು ಏನು ಹೇಳಿದ್ದ ಗೊತ್ತಾ? ‘ಊಟ ಮಾಡ್ಕೊಂಡು ಹೋಗು’ ಅಂತ!” ಎಂದು ಇಡೀ ದೃಶ್ಯವನ್ನು ಅವನ ಮಾತಿನಲ್ಲಿ ಹೇಳುತ್ತಾಳೆ. ಅವನ ಹಾಗೆ ಹುಬ್ಬೇರಿಸುತ್ತಾಳೆ, ಅವನ ಹಾಗೆಯೇ ಕೆಳತುಟಿ ಮುಂದೆ ಮಾಡುತ್ತಾಳೆ. ಹೇಳಿ ಮುಗಿಸಿ ಗುಂಡಿ ಒತ್ತುತ್ತಾಳೆ.

ಮೊನ್ನೆ ಹಾಕಿದ ಸಿನಿಮಾ ಉದ್ದನೆಯದು. ಅಕ್ಕ ಹೆಬ್ಬೆರಳನ್ನು ಗುಂಡಿಯ ಮೇಲೇ ಇಟ್ಟುಕೊಂಡು ಕೂತಳು. ಸಾವು ಬಂತು, ಜಗಳ ಬಂತು, ಬೆನ್ನು ತಿರುಗಿಸಿ ಆಡಿದ ಮಾತುಗಳೂ ಬಂದವು. ಹೆಬ್ಬೆರಳು ಒತ್ತಲಿಲ್ಲ. ಎರಡೂವರೆ ಗಂಟೆ ಕಳೆದು ಪರದೆ ಕಪ್ಪಾಯಿತು.

“ಇದರಲ್ಲಿ ಒಂದೂ ಇಲ್ಲ,” ಎಂದಳು. “ಎಲ್ಲಾ ಇದ್ದ ಹಾಗೇ ಹೇಳಿದಾನೆ.”

 ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದು, ಡಿಸ್ಕು ತೆಗೆದು, ಒರೆಸಿ, ಡಬ್ಬಿಗೆ ಹಾಕಿದಳು. ಕಪಾಟಿನಲ್ಲಿ ಇನ್ನೂ ನೋಡದವು ಎಷ್ಟಿವೆಯೆಂದು ಬೆರಳಾಡಿಸಿ ನೋಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡೆ.