ಕೈಗೆ ಕೊಬ್ಬರಿ, ಬಾಯಿಗೆ ಇಂಗ್ಲಿಷ್

ಬೆಳಗಿನ ಆರು ಗಂಟೆ. ಹೊಸದುರ್ಗದಿಂದ ಶ್ರೀರಾಂಪುರದ ಕಡೆ ಹೋಗುವ ರಸ್ತೆ ಪಕ್ಕದ ಕೊಬ್ಬರಿ ಶೆಡ್ಡಿನಲ್ಲಿ ದೀಪ ಇನ್ನೂ ಉರಿಯುತ್ತಿದೆ. ಗೋಣಿಚೀಲ ಹಾಸಿಕೊಂಡು ಹೆಂಗಸರು ಸಾಲಾಗಿ ಕುಳಿತಿದ್ದಾರೆ. ಸಾಲಿನ ತಲೆಯಲ್ಲಿ ಬಷೀರುನ್ನೀಸಾ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯೊಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಲೊಡಕ್ ಎನ್ನುತ್ತದೆ. ಮಚ್ಚಿನ ಬೆನ್ನಿನಿಂದ ಸುತ್ತಲೂ ಮೆಲ್ಲಗೆ ತಟ್ಟಿದರೆ ಕರಟ ಬಿಟ್ಟುಕೊಂಡು, ಉಂಡೆ ಕೊಬ್ಬರಿ ಇಡಿಯಾಗಿ ಅಂಗೈಗೆ ಬರುತ್ತದೆ. ಅದನ್ನು ಪಕ್ಕಕ್ಕೆ ಚಾಚಿ, "ಟೇಕ್ ಇಟ್ ಫ್ರಮ್ ಮಿ" ಎನ್ನುತ್ತಾರೆ.

ಪಕ್ಕದ ಕೆಂಚಕ್ಕ ತೆಗೆದುಕೊಂಡು ಒರೆಸುತ್ತಾರೆ. ಮುಂದಿನವಳ ಕೈಗಿಟ್ಟು, ಕೊನೆಯಲ್ಲಿ ಕುಳಿತವಳತ್ತ ಗದ್ದ ಎತ್ತಿ ತೋರಿಸಿ, "ಗಿವ್ ಇಟ್ ಟು ಹರ್" ಎನ್ನುತ್ತಾರೆ. ಬೂಸಲು ಹಿಡಿದದ್ದು ಬಂದರೆ "ಥ್ರೋ ಇಟ್ ಅವೇ". ಉರುಳಿ ಹೋದರೆ "ಪಿಕ್ ಇಟ್ ಅಪ್". ಕೈಗಳು ನಿಲ್ಲುವುದಿಲ್ಲ, ಬಾಯಿಗಳೂ ನಿಲ್ಲುವುದಿಲ್ಲ.

ಆದರೆ ಇವತ್ತು ಬಷೀರುನ್ನೀಸಾ ಅವರ ಮನಸ್ಸು ಇಲ್ಲಿಲ್ಲ. ಸಾಲಿನಲ್ಲಿ ಒಂದು ಜಾಗ ಖಾಲಿ ಇದೆ. ಅಲ್ಲಿ ಕೂರುತ್ತಿದ್ದ ಯಶೋದಾ ಮೊದಲ ಬಸ್ಸಿಗೆ ಚಿತ್ರದುರ್ಗಕ್ಕೆ ಹೋಗಿದ್ದಾಳೆ. ವಯಸ್ಸಾದವರನ್ನು ನೋಡಿಕೊಳ್ಳುವ ಕೇಂದ್ರವೊಂದರಲ್ಲಿ ಸಹಾಯಕಿಯ ಕೆಲಸಕ್ಕೆ ಸಂದರ್ಶನ. ಅಲ್ಲಿನ ಮೇಲ್ವಿಚಾರಕಿ ಹೊರರಾಜ್ಯದವರು, ಕನ್ನಡ ಬಾರದು. ಇಂಗ್ಲಿಷಿನಲ್ಲಿ ಹೇಳಿದ್ದು ತಿಳಿಯಬೇಕು, ನಾಲ್ಕು ಮಾತು ಆಡಲೂ ಬೇಕು. ಯಶೋದಾಗೆ ಇದು ಎರಡನೆಯ ಸಲ. ಮೊದಲ ಸಲ ಹೋದಾಗ ಒಂದು ಮಾತೂ ಹೊರಡಲಿಲ್ಲ.

"ಕುರ್ಚಿ ಮೇಲೆ ಕುಂತಿದ್ಲಂತೆ, ಕೈ ಎರಡೂ ಮಡಿಲಾಗೆ," ಎನ್ನುತ್ತಾರೆ ಬಷೀರುನ್ನೀಸಾ. "ಕೈಯಾಗೆ ಏನೂ ಇಲ್ಲ. ಬಾಯಾಗೂ ಏನೂ ಬರಲಿಲ್ಲ. ನಾನು ಕಲಿಸಿದ್ದೇ ಹಂಗೆ. ಕಾಯಿ ಹಿಡ್ಕಂಡೇ ಮಾತು ಹೇಳ್ಕೊಟ್ಟೆ. ಅಲ್ಲೀವರೆಗೂ ಖಾಲಿ ಕೈಲಿ ಕೂರಿಸಿ ಒಂದಿನಾನೂ ಕೇಳಿರಲಿಲ್ಲ."

ಅಂದಿನಿಂದ ಅವರನ್ನು ಕೊರೆಯುತ್ತಿರುವುದು ಇದೇ. ಸ್ಲೇಟಿಲ್ಲದ, ಪುಸ್ತಕವಿಲ್ಲದ ತಮ್ಮ ಪಾಠವೇ ತಪ್ಪಿರಬಹುದೇ? ಅದನ್ನು ನಂಬಿಕೊಂಡ ಹುಡುಗಿಯ ಅನ್ನಕ್ಕೆ ತಾವೇ ಅಡ್ಡ ಬಂದೆವೇ?

ಆ ಪಾಠ ಶುರುವಾದದ್ದು ಮಗಳಿಗಾಗಿ. ಮಗಳು ಆಲಿಯಾ ಹತ್ತನೇ ತರಗತಿಯಲ್ಲಿ ಇಂಗ್ಲಿಷಿಗೆ ಫೇಲಾದಾಗ, ಏಳನೇ ತರಗತಿಗೇ ಓದು ಬಿಟ್ಟಿದ್ದ ತಾಯಿ ಪೇಟೆಯ ಸಂಜೆ ತರಗತಿಗೆ ಸೇರಿದರು. ಗಂಡ ಹಜರತ್ ಅಲಿ ಹಾಸಿಗೆ ಹೊಲಿಯುವವರು. ಸಂಜೆ ಅವರೇ ಅಕ್ಕಿ ತೊಳೆದಿಟ್ಟು ಹೆಂಡತಿಯನ್ನು ತರಗತಿಗೆ ಕಳಿಸುತ್ತಿದ್ದರು. ಅಲ್ಲಿ ಕ್ರಿಯಾಪದಗಳ ಪಟ್ಟಿ ಬಾಯಿಪಾಠವಾಯಿತು. ಆದರೆ "ಅದನ್ನು ನನಗೆ ಕೊಡಿ" ಎನ್ನಲು ಹೊರಟರೆ ನಾಲಿಗೆ ತಡವರಿಸುತ್ತಿತ್ತು. ಆಲಿಯಾ ಪಾಸಾದಳು, ಹಿರಿಯೂರಿಗೆ ಮದುವೆಯಾಗಿ ಹೋದಳು. ತಾಯಿಯ ಬಾಯಲ್ಲಿ ಇಂಗ್ಲಿಷ್ ಉಳಿದುಕೊಂಡಿತು. ಶೆಡ್ಡಿನಲ್ಲಿ ಕರಟ ತಟ್ಟುತ್ತಲೇ ಅವರು ಒಬ್ಬರೇ ಗುನುಗುತ್ತಿದ್ದರು.

"ಅದೇನು ಒಬ್ಬಳೇ ಮಣಮಣ ಅಂತೀಯ, ಯಾರಿಗೆ ಶಾಪ ಹಾಕ್ತಿದೀಯ ಅಂತ ಕೇಳಿದೆ," ಎಂದು ಕೆಂಚಕ್ಕ ನಗುತ್ತಾರೆ. "ಇಂಗ್ಲಿಷು ಅಂದ್ಲು. ಹಂಗಾದ್ರೆ ಈ ಕಾಯಿ ತಗಳ್ಳಾಕೆ ಏನಂತಾರೆ ಹೇಳು ಅಂದೆ. ಅವತ್ತಿಂದ ನಮಗೆ ಈ ಕಾಟ."

ಅವತ್ತು ಬಷೀರುನ್ನೀಸಾ ಅವರಿಗೂ ಒಂದು ದಾರಿ ಸಿಕ್ಕಿತು. ಕ್ರಿಯಾಪದ ಒಂಟಿಯಾಗಿ ಸುಮ್ಮನಿರುತ್ತದೆ. ಯಾರಿಂದ, ಯಾರಿಗೆ, ಎತ್ತ ಕಡೆ ಎನ್ನುವ ಪುಟ್ಟ ಮಾತುಗಳು ಜತೆಗೂಡಿದರೆ ಕೆಲಸಕ್ಕೆ ಬರುತ್ತದೆ. ಅದನ್ನು ಅವರು ವಿವರಿಸುವ ಬಗೆ ಸರಳ. "ನಮ್ಮಾಗೆ 'ಅವಳಿಗೆ' ಅಂತೀವಿ. ಆ 'ಗೆ' ಬಾಲದಂಗೆ ಹಿಂದೆ ಇರ್ತದೆ. ಇಂಗ್ಲಿಷಿನಾಗೆ 'ಟು' ಅಂಬೋದು ದಾರಿ ತೋರಿಸೋರಂಗೆ ಮುಂದೆ ಹೋಗ್ತದೆ, 'ಹರ್' ಹಿಂದೆ ಬರ್ತದೆ. ಅವಳೇ ಕೆಲಸ ಮಾಡ್ತಿದ್ರೆ 'ಶೀ'. ಕೆಲಸ ಅವಳ ಮ್ಯಾಲೆ ಬಿದ್ರೆ 'ಹರ್'."

ಶೆಡ್ಡಿನ ಮಾಲೀಕ ಶಿವಕುಮಾರಪ್ಪ ಮೊದಮೊದಲು ಗದರಿದ್ದರು. "ಮಾತಿನ ಭರಾಟೆಯಾಗೆ ಉಂಡೆ ಒಡೆದ್ರೆ, ನಷ್ಟಾನೂ ಇಂಗ್ಲಿಷಿನಾಗೆ ಹೇಳ್ತೀಯೇನಮ್ಮ?" ಒಡೆದ ಕೊಬ್ಬರಿಗೆ ಬೆಲೆ ಕಡಿಮೆ, ಅವರ ಮಾತು ಸುಳ್ಳಲ್ಲ. ಆದರೆ ಉಂಡೆಗಳು ಮೊದಲಿಗಿಂತ ಹೆಚ್ಚು ಒಡೆಯಲಿಲ್ಲ. ಈಗ ಅವರೇ ಬಾಗಿಲಲ್ಲಿ ನಿಂತು "ಕಮ್ ಇನ್ ಅನ್ರಮ್ಮ" ಎಂದು ಹೇಳಿಸಿಕೊಂಡೇ ಒಳಗೆ ಬರುತ್ತಾರೆ.

ಯಶೋದಾ ಸಾಲಿಗೆ ಸೇರಿದ್ದು ಕಳೆದ ವರ್ಷ. ಶ್ರೀರಾಂಪುರದ ಆಚೆಯ ಹಟ್ಟಿಯವಳು, ಕುರಿ ಕಾಯುವ ಗೊಲ್ಲಪ್ಪನ ಮಗಳು. ಪಿಯುಸಿ ಮುಗಿಸಿ ಆರೈಕೆಯ ತರಬೇತಿಯನ್ನೂ ಪಡೆದಿದ್ದಳು. ಕೆಲಸ ಸಿಗುವವರೆಗೆ ಎಂದು ಶೆಡ್ಡಿಗೆ ಬಂದಳು. ಅವಳಿಗಾಗಿಯೇ ಬಷೀರುನ್ನೀಸಾ 'ಲುಕ್' ಎಂಬ ಒಂದೇ ಮಾತನ್ನು ಮೂರು ದಿಕ್ಕಿಗೆ ತಿರುಗಿಸಿ ತೋರಿಸಿದರು. "ಲುಕ್ ಅಟ್ ಹರ್ ಅಂದ್ರೆ ಅವಳನ್ನ ನೋಡು. ಲುಕ್ ಫಾರ್ ಹರ್ ಅಂದ್ರೆ ಹುಡುಕು. ಲುಕ್ ಆಫ್ಟರ್ ಹರ್ ಅಂದ್ರೆ ನೋಡ್ಕ. ನಿನ್ನ ಕೆಲಸ ಇರೋದು ಈ ಮೂರನೇದ್ರಾಗೆ ಕಣವ್ವ."

ಮೊದಲ ಸಲ ಸೋತು ಬಂದ ಮೇಲೆ ಅವಳನ್ನು ಸಾಲಿನಿಂದಾಚೆ, ಖಾಲಿ ಕೈಯಲ್ಲಿ ಕೂರಿಸಿ ಮಾತಾಡಿಸಿದರು. ಒಮ್ಮೆ ಬಂದ ಮಾತು ಇನ್ನೊಮ್ಮೆ ಬರುತ್ತಿರಲಿಲ್ಲ. "ಚೀಲದಾಗೆ ಒಂದು ಕಾಯಿ ಹಾಕ್ಕಂಡು ಹೋಗೇ, ಸುಮ್ನೆ ತೊಡೆ ಮ್ಯಾಲೆ ಇಟ್ಕ," ಎಂದು ಕೆಂಚಕ್ಕ ನಿನ್ನೆ ಹೇಳಿದಾಗ ಎಲ್ಲರೂ ನಕ್ಕರು. ಬಷೀರುನ್ನೀಸಾ ನಗಲಿಲ್ಲ.

ಹನ್ನೊಂದರ ಚಹಾದ ಹೊತ್ತಿಗೆ ಗೋಣಿಚೀಲದ ಮೇಲಿನ ಫೋನು ಹೊಡೆದುಕೊಳ್ಳುತ್ತದೆ. ಬಷೀರುನ್ನೀಸಾ ಅವರ ಕೈತುಂಬ ಕರಟದ ಪುಡಿ. ಕೆಂಚಕ್ಕನೇ ಎತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕುತ್ತಾರೆ.

"ಬಷೀರಕ್ಕ, ಸೋಮವಾರದಿಂದ ಬಾ ಅಂದ್ರು."

ಎಲ್ಲರೂ ಲೋಟ ಪಕ್ಕಕ್ಕಿಟ್ಟು ಫೋನಿನತ್ತ ಬಾಗುತ್ತಾರೆ.

"ಅದೆಂಗಾತು, ಹೇಳೇ," ಎನ್ನುತ್ತಾರೆ ಕೆಂಚಕ್ಕ.

ಯಶೋದಾ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಹಾಸಿಗೆ ಹಿಡಿದ ಅಜ್ಜಿಯನ್ನು ಹೇಗೆ ಎಬ್ಬಿಸುತ್ತೀಯ ಎಂದು ಮೇಲ್ವಿಚಾರಕಿ ಕೇಳಿದರು. ಮತ್ತೆ ನಾಲಿಗೆ ಕಟ್ಟಿತು. ಆಗ ಅವಳು ಎದ್ದು ಹೋಗಿ, ಹಿಡಿಯಲೇ ಎಂದು ಸನ್ನೆ ಮಾಡಿ, ಅವರು ತಲೆಯಾಡಿಸಿದ ಮೇಲೆ ಅವರದೇ ತೋಳು ಹಿಡಿದಳು. "ಹಿಡಿದ ತಕ್ಷಣ ಬಂತಕ್ಕ. ಹೋಲ್ಡ್ ಆನ್ ಟು ಮಿ ಅಂದೆ. ಪುಟ್ ಯುವರ್ ಫೀಟ್ ಡೌನ್ ಅಂದೆ. ಲೀನ್ ಆನ್ ಮಿ, ಐ ವಿಲ್ ಗೆಟ್ ಯು ಅಪ್ ಅಂತ ಎಬ್ಬಿಸೇಬಿಟ್ಟೆ. ಅವರೇ ನಗಾಕೆ ಹತ್ತಿದ್ರು."

"ಮ್ಯಾಡಮ್ಮನ್ನೇ ಎಬ್ಬಿಸಿದ್ಯೇನೆ," ಎನ್ನುತ್ತಾರೆ ಕೆಂಚಕ್ಕ. "ಕುರಿಮರಿ ಎಬ್ಬಿಸಿದ ಕೈಯಲ್ಲವಾ."

ಸಾಲಿಗೆ ಸಾಲೇ ನಗುತ್ತದೆ. ಬಷೀರುನ್ನೀಸಾ ಕಂಬಕ್ಕೆ ಒರಗಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮುಟ್ಟದೆ ಇಟ್ಟಿದ್ದ ಚಹಾದ ಲೋಟವನ್ನು ಕೈಗೆತ್ತಿಕೊಳ್ಳುತ್ತಾರೆ. ಮೊದಲ ಗುಟುಕಿಗೇ ಹೆಗಲು ಸಡಿಲವಾದದ್ದು ಕಾಣುತ್ತದೆ.

"ತಪ್ಪು ಕಲಿಸಿದ್ನೇನೋ ಅಂತ ಊಟ ಸೇರ್ತಿರಲಿಲ್ಲ," ಎನ್ನುತ್ತಾರೆ ಮೆಲ್ಲಗೆ. "ಅವಳ ಕೆಲಸನೂ ಕೈದೇ ಅಲ್ಲವಾ. ಇಲ್ಲಿ ಕೊಬ್ಬರಿ ಹಿಡೀತಿದ್ಲು, ಅಲ್ಲಿ ಮನುಷ್ಯರನ್ನ ಹಿಡೀತಾಳೆ. ಎರಡೂ ಒಡೀಬಾರದು, ಅಷ್ಟೇ. ಖಾಲಿ ಕೈಯಾಗೆ ಮಾತಾಡೋದು ನಿಧಾನಕ್ಕೆ ಕಲೀತಾಳೆ. ನಾನೂ ಕಲೀಬೇಕು."

ಬಿಸಿಲು ಶೆಡ್ಡಿನ ಬಾಗಿಲಿಗೆ ಬಂದಿದೆ. ಖಾಲಿ ಜಾಗಕ್ಕೆ ಕೆಂಚಕ್ಕ ಸರಿದು ಕುಳಿತಾಗಿದೆ. ಇನ್ನು ಏನು ಆಸೆ ಎಂದು ಕೇಳಿದರೆ ಬಷೀರುನ್ನೀಸಾ ಹೊಸ ಕಾಯಿಯೊಂದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ, ಉತ್ತರ ಅಲ್ಲೇ ಇದೆಯೇನೋ ಎಂಬಂತೆ.

"ಒಂದ್ಸಲ ಚಿತ್ರದುರ್ಗಕ್ಕೆ ಹೋಗಿ ಆ ಕೇಂದ್ರದ ಬಾಗಿಲಾಗೆ ನಿಂತ್ಕಬೇಕು. ಅವಳು ಯಾರನ್ನಾದ್ರೂ ಎಬ್ಬಿಸ್ತಿರಬೇಕು. ನಾನು ಬಂದಿದ್ದು ಅವಳಿಗೆ ಗೊತ್ತಾಗಬಾರದು. ಅವಳ ಇಂಗ್ಲಿಷು ಕೇಳಿಸ್ಕಂಡು, ಸಂಜೆ ಬಸ್ಸಿಗೆ ವಾಪಸ್ ಬಂದುಬಿಡ್ತೀನಿ."