ನೀರೊಳಗಿನ ಹೊಸ್ತಿಲು

ಮೊನ್ನೆ ರಾಫ್ಟು ತೊಳೆಯುತ್ತಿದ್ದಾಗ ಗಾಳಿ ತಿರುಗಿ ಹಿನ್ನೀರಿನ ಕಡೆಯಿಂದ ಕೆಸರಿನ ವಾಸನೆ ಬಂತು. ಬೇಸಿಗೆಯಲ್ಲಿ ನೀರಿಳಿದು, ಮುಳುಗಿದ್ದ ಮರದ ಬೊಡ್ಡೆಗಳು ಹೊರಬಿದ್ದಾಗ ಬರುವ ವಾಸನೆ. ನನಗೆ ಅಕ್ಕೋರು ನೆನಪಾದರು.

ಅಕ್ಕೋರು ಅಂದರೆ ಗಣೇಶಗುಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ಇಂಗ್ಲಿಷ್ ಶಿಕ್ಷಕಿ. ನಾನು ಆಗಷ್ಟೇ ರಾಫ್ಟಿಂಗ್ ಗೈಡ್ ಆಗಿದ್ದೆ. ಪ್ರವಾಸಿಗರ ಮುಂದೆ ಬಾಯಿ ಕಟ್ಟಿಹೋಗುತ್ತಿತ್ತು. ಅದಕ್ಕೇ ಸಂಜೆ ಅವರ ಬಳಿ ಇಂಗ್ಲಿಷ್ ಕಲಿಯಲು ಹೋಗುತ್ತಿದ್ದೆ. ಈಜು ಬರುತ್ತದೆಯೇ ಎಂದು ಕೇಳುವುದನ್ನು ಕಲಿಸಿದ ದಿನ ‘ಸ್ವಿಮ್’ ಎಂಬ ಒಂದು ಶಬ್ದ ಹಿಡಿದವರು ಬಿಡಲೇ ಇಲ್ಲ.

“ಅದು ಭಾಳ ಹಳೇ ಶಬ್ದಪಾ. ಮೊದಲ ನೀರಿನ ಮ್ಯಾಲ ಸಾಗೂದು ಅಂತಷ್ಟ ಅರ್ಥ. ಮನಷ್ಯಾ ಈಜಿದ್ರೂ ಅದ, ದೋಣಿ ತೇಲಿದ್ರೂ ಅದ. ಜೀವ ಐತೋ ಇಲ್ಲೋ ಅಂತ ಆ ಶಬ್ದ ಕೇಳತಿದ್ದಿಲ್ಲ...”

ಆಮೇಲೆ ತಲೆ ಸುತ್ತುವುದಕ್ಕೂ, ಕಣ್ಣು ತುಂಬಿ ಬರುವುದಕ್ಕೂ ಅದೇ ಶಬ್ದ ಬಂತಂತೆ. ಎಣ್ಣೆಯಲ್ಲಿ ಮುಳುಗಿದ ಬದನೆಕಾಯಿಗೂ ಅದೇ! ನಾನು ನಕ್ಕೆ. ಅವರು ನಗಲಿಲ್ಲ. ಅವರಿಗೆ ಈಜು ಬರುತ್ತಿರಲಿಲ್ಲ.

ಅವರ ತವರುಮನೆ ಹಿನ್ನೀರಿನಲ್ಲಿ ಮುಳುಗಿತ್ತು. ಗೋಡೆಗಳು ಎಂದೋ ಬಿದ್ದು, ಕಲ್ಲಿನ ಕಟ್ಟೆಯೂ ಹೊಸ್ತಿಲೂ ಉಳಿದಿದ್ದವು. ಬೇಸಿಗೆಯಲ್ಲಿ ನೀರಿಳಿದಾಗ ದೋಣಿಯಲ್ಲಿ ಹೋಗಿ ತಂತಮ್ಮ ಹೊಸ್ತಿಲಿಗೆ ಅರಿಶಿನ ಹಚ್ಚಿ ಬರುವುದು ಆ ಊರಿನ ಹೆಣ್ಣುಮಕ್ಕಳ ಪದ್ಧತಿ. ಉಳಿದವರೆಲ್ಲ ಬಿಟ್ಟುಬಿಟ್ಟಿದ್ದರು. ಅಕ್ಕೋರು ಮಾತ್ರ, ತಾನೂ ಬಿಟ್ಟರೆ ತೀರಿಹೋದ ಅವ್ವನ ಮನೆಗೆ ದಿಕ್ಕಿಲ್ಲದಂತಾಗುತ್ತದೆ ಎನ್ನುತ್ತಿದ್ದರು.

ಆ ವರ್ಷ ನೀರು ಪೂರ್ತಿ ಇಳಿಯಲಿಲ್ಲ. ಬೇಡ ಅಂದೆ. ಕೇಳುವ ಪೈಕಿಯೇ? ಲೈಫ್ ಜಾಕೆಟ್ ತೊಡಿಸಿ ಕರೆದೊಯ್ದೆ. ನಡುನೀರಿನಲ್ಲಿ “ಇಲ್ಲೇ ನಿಂದರಸು” ಎಂದು ಇಳಿದೇಬಿಟ್ಟರು. ನೀರು ಮೊಣಕಾಲಿನ ತನಕ ಮಾತ್ರ! ಕಣ್ಣು ಹಾಯಿಸಿದಷ್ಟೂ ನೀರು, ನಡುವೆ ತಮ್ಮ ಮನೆಯ ಕಟ್ಟೆಯ ಮೇಲೆ ನಿಂತ ಮುದುಕಿ. ಅವರು ಬಾಗಿ, ನೀರೊಳಗೆ ಕೈಬಿಟ್ಟು ಅರಿಶಿನ ಹಚ್ಚಿದರು.

ಆಮೇಲೆ ಯಾರೋ ಕರೆದಂತೆ ತಲೆಯೆತ್ತಿದರು.

“ಹೂಂ ಬೇ ಅವ್ವಾ, ಬಂದೆ.”

ಚಪ್ಪಲಿ ಬಿಟ್ಟರು, ಅವು ತೇಲಿಹೋದವು. ಜಾಕೆಟ್ ಬಿಚ್ಚಿದರು. “ಅಕ್ಕೋರ, ನಿಲ್ರಿ!” ಎಂದು ನಾನು ಕೂಗುವಷ್ಟರಲ್ಲಿ, ತವರಿಗೆ ಬಂದ ಮಗಳ ಹಾಗೆ ಬಲಗಾಲಿಟ್ಟು ಹೊಸ್ತಿಲು ದಾಟಿದರು. ಒಳಗಿನ ನೆಲ ಕುಸಿದು ಆಳವಾದ ಹೊಂಡವಾಗಿತ್ತು. ಅದು ಅವರಿಗೆ ಗೊತ್ತಿದ್ದದ್ದೇ...

ಮತ್ತೆ ಮತ್ತೆ ಮುಳುಗಿ ಹುಡುಕಿದೆ. ಕೈಗೆ ಹೊಸ್ತಿಲ ಕಲ್ಲು ಸಿಕ್ಕಿತು, ಬೀಸುಕಲ್ಲು ಸಿಕ್ಕಿತು, ಅವರು ಸಿಗಲಿಲ್ಲ. ಮರುದಿನ ತಾವಾಗಿಯೇ ಮೇಲೆ ಬಂದರು, ಅದೇ ಹೊಸ್ತಿಲ ಮುಂದೆ.

ಈಗ ಆ ಹೊಸ್ತಿಲಿಗೆ ಅರಿಶಿನ ಹಚ್ಚುವವನು ನಾನೇ. ಗಂಡಸರು ಮಾಡುವ ಕೆಲಸವೇ ಎಂದು ಜನ ನಗುತ್ತಾರೆ, ನಗಲಿ. ಈ ಸಲವೂ ಹಚ್ಚಿ, ಹೊರಗೇ ನಿಂತಿದ್ದೆ. ಒಳಗಿನಿಂದ ಅವರು ಎಲ್ಲಿ ಕರೆದುಬಿಡುತ್ತಾರೋ ಎಂದು ಹೆದರಿ ಕಿವಿಗೊಟ್ಟಿದ್ದೆ. ಕರೆಯಲಿಲ್ಲ. ದೋಣಿ ತಿರುಗಿಸಿಕೊಂಡು ಬರುವಾಗ ಅತ್ತುಬಿಟ್ಟೆ.