ಖರ್ಚಾಗದ ಕಬ್ಬಿಣ

ಮೊನ್ನೆ ಗಡಹಿಂಗ್ಲಜದ ಅಕ್ಕನ ಮನೆಯ ಹಿತ್ತಲಲ್ಲಿ ಉಬ್ಬಿದ ನೀಲಿ ಡ್ರಮ್ಮೊಂದನ್ನು ಕಂಡೆ. ಒಳಗಿದ್ದದ್ದು ಬರೀ ಬೆಳೆಗೆ ಹಾಕುವ ಜೀವಾಮೃತ. ಆದರೂ ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದ ಬಾಯಾರು ನೆನಪಾದರು... ಕಲಿಸುವ ಹೆಂಗಸರನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ.

ಇಚಲಕರಂಜಿಯಲ್ಲಿ ನಮ್ಮದೊಂದು ಬ್ಲೀಚಿಂಗ್ ಶೆಡ್ಡು. ಮಗ್ಗದಿಂದ ಬಂದ ಕೋರಾ ಬಟ್ಟೆಯನ್ನು ಪೆರಾಕ್ಸೈಡ್ ಹಾಕಿ ಬೆಳ್ಳಗೆ ಮಾಡುವ ಕೆಲಸ. ಬಾಯಾರು ಕೊಲ್ಹಾಪುರದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅವರ ಸಂಶೋಧನೆಯೆಲ್ಲ ಕಂಪ್ಯೂಟರಿನಲ್ಲೇ: ಎರಡು ಪರಮಾಣುಗಳ ನಡುವಿನ ಬಂಧವನ್ನು ಲೋಹದ ಕಣವೊಂದು ಹೇಗೆ ಮುರಿಯುತ್ತದೆ ಎಂದು ಲೆಕ್ಕ ಹಾಕುವುದು. ಕೈಗೆ ಒಂದು ಹನಿ ಆಸಿಡ್ ಹತ್ತದ ಕೆಮಿಸ್ಟ್ರಿ ಎಂಥದ್ದು ಎಂದು ಅವ್ವ ಕಾಡಿಸಿದರೆ ನಕ್ಕುಬಿಡುತ್ತಿದ್ದರು.

ನಮ್ಮದು ಜೈನರ ಮನೆ. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ನೀರು ಸೇದಿದ ಬಾವಿಗೇ ಮರಳಿ ಬಿಡುವುದು ರೂಢಿ. ತೆಗೆದದ್ದು ತೆಗೆದಲ್ಲಿಗೇ ಸೇರಬೇಕು ಎನ್ನುವುದು ಅಪ್ಪನ ರಕ್ತದಲ್ಲೇ ಇತ್ತು. ಒಂದು ದಿನ ಬೆಳಿಗ್ಗೆ, ತುಕ್ಕು ಹಿಡಿದ ಬಕೆಟ್ಟಿನಲ್ಲಿ ಮಿಕ್ಕಿದ್ದ ಪೆರಾಕ್ಸೈಡನ್ನೂ ಅದೇ ಭಕ್ತಿಯಿಂದ ಡ್ರಮ್ಮಿಗೆ ಮರಳಿ ಹೊಯ್ದು, ಮುಚ್ಚಳ ಬಿಗಿದಿದ್ದ.

ಮಧ್ಯಾಹ್ನ ಮೆಟ್ಟಿಲಿಳಿದು ಬಂದ ಬಾಯಾರು ಬಕೆಟ್ಟನ್ನು ನೋಡಿದರು, ಉಬ್ಬಿದ ಡ್ರಮ್ಮನ್ನು ನೋಡಿದರು. ಅದಕ್ಕೆ ಅಂಗೈ ಇಟ್ಟವರ ಮುಖ ಬಿಳಿಚಿತು.

“ಬಿಸಿ ಆಗೇತಿ. ಎಲ್ಲಾರೂ ಹೊರಗ ನಡೀರಿ!”

ಎದ್ದೆವೋ ಬಿದ್ದೆವೋ ಎಂದು ರಸ್ತೆಗೆ ಓಡಿದೆವು. ಅಪ್ಪನದು ಮೊಂಡು ಜೀವ. “ಬರೇ ಮುಚ್ಚಳ ಸಡ್ಲ ಮಾಡಿ ಬರ್ತೇನ್ರಿ ಬಾಯಾರ,” ಎಂದು ತಿರುಗಿ ಹೊರಟ. ಬಾಯಾರು ಅವನ ತೋಳನ್ನು ಎರಡೂ ಕೈಯಿಂದ ಹಿಡಿದರು.

“ಅಣ್ಣಾರ, ಆ ತುಕ್ಕಿನ್ಯಾಗಿನ ಕಬ್ಬಿಣ ಒಂದು ಬಂಧ ಮುರದು ಸುಮ್ನ ಕುಂಡ್ರೂದಿಲ್ರಿ. ಅದು ಖರ್ಚ ಆಗೂದೇ ಇಲ್ಲ. ಮುರಕೋತ ಹೊಂಟ ಬಿಡತೈತಿ, ಒಳಗ ಗ್ಯಾಸ ತುಂಬಕೋತ ಹೋಗತೈತಿ... ಹೋಗಬ್ಯಾಡ್ರಿ.”

ಅಪ್ಪ ಕೊಸರಾಡಿದ. ನಾನೂ ಹೋಗಿ ಅವನ ಸೊಂಟ ತಬ್ಬಿದೆ. ಅಷ್ಟರಲ್ಲಿ ಡ್ರಮ್ಮು ಸಿಡಿಯಿತು. ಚಾವಣಿಯ ತಗಡೊಂದು ಹಾರಿ, ಅಪ್ಪ ಹೊರಟಿದ್ದ ಬಾಗಿಲಿಗೇ ಅಡ್ಡ ಬಿತ್ತು.

ಬಾಯಾರು ರಸ್ತೆಯಲ್ಲೇ ಕುಸಿದು ಕೂತರು. “ಇಷ್ಟ ವರ್ಷ ಅದನ್ನ ಸ್ಕ್ರೀನಿನ ಮ್ಯಾಲ ನೋಡಿ ಚಂದ ಐತಿ ಅಂತಿದ್ದೆ,” ಎಂದು ಅತ್ತರು. ಅವತ್ತಿನಿಂದ ಶೆಡ್ಡಿಗೆ ಯಾವ ಹೊಸ ಕ್ಯಾನು ಬಂದರೂ ಮೊದಲು ಅವರಿಗೆ ತೋರಿಸುತ್ತಿದ್ದೆವು. ಅವರು ಕೊಲ್ಹಾಪುರಕ್ಕೆ ಮನೆ ಬದಲಿಸಿದ ಮೇಲೂ ಫೋನಿನಲ್ಲಿ ಕೇಳುತ್ತಿದ್ದೆವು...

ಹೋದ ವರ್ಷ ಬಾಯಾರು ಕಾಯಿಲೆಯಿಂದ ತೀರಿಕೊಂಡರು.

ಈ ವಾರ ಏಜೆಂಟನೊಬ್ಬ ಹೊಸ ಪುಡಿಯೊಂದನ್ನು ಇಟ್ಟುಹೋಗಿದ್ದಾನೆ. ಅದೇನೋ ಕ್ಯಾಟಲಿಸ್ಟಂತೆ, ತಾನು ಖರ್ಚಾಗದೆ ಕೆಲಸ ಮಾಡುತ್ತದಂತೆ, ಚಿಟಿಕೆ ಹಾಕಿದರೆ ಈಗ ಬೇಕಾಗುವ ಉಗಿಯ ಅರ್ಧದಲ್ಲೇ ಬಟ್ಟೆ ಬೆಳ್ಳಗಾಗುತ್ತದಂತೆ. ಅಪ್ಪ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ, “ಬಾಯಾರನ್ನ ಒಂದ ಮಾತ ಕೇಳಿ ನೋಡು,” ಎಂದ. ನಾನು ಫೋನನ್ನು ಕೈಗೂ ತೆಗೆದುಕೊಂಡೆ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಪಾಲಿನ ಭಯವನ್ನೂ ತಾವೇ ಪಟ್ಟವರು ಅವರು. ಪೊಟ್ಟಣ ಇನ್ನೂ ಒಡೆದಿಲ್ಲ. ನನಗೆ ಹೆದರಿಕೆಯಾಗುತ್ತದೆ.